ಉಪ್ಪಿನಕಾಯಿ ಅಂಗಡಿಯ ಸ್ಯಾಮ್ ತೋರಿಸಿಕೊಟ್ಟ ನಿರ್ದೇಶಕಿ

1989ರ ಹಾಲಿವುಡ್ ಪ್ರೇಮಕಥೆ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಯಾರಿಗೆ ಗೊತ್ತಿಲ್ಲ? ಅದಕ್ಕೂ ಒಂದು ವರ್ಷ ಮೊದಲು ಬಂದ ‘ಕ್ರಾಸಿಂಗ್ ಡೆಲಾನ್ಸಿ’ಯ ಹೆಸರು ಎತ್ತುವವರು ಮಾತ್ರ ತುಂಬ ಕಡಿಮೆ. ನಾನೂ ಸುಮ್ನೆ ನೋಡೋಣ ಅಂತ ಹಾಕಿದ್ದು. ಮುಗಿದ ಮೇಲೆ ನಿರ್ದೇಶಕರು ಯಾರು ಅಂತ ಹುಡುಕಿದೆ. ಜೋನ್ ಮಿಕ್ಲಿನ್ ಸಿಲ್ವರ್.

ಕಥೆ ಸರಳ. ಇಜ್ಜಿ ನ್ಯೂಯಾರ್ಕಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ಕಣ್ಣು ಒಬ್ಬ ಹೆಸರಾಂತ ಕಾದಂಬರಿಕಾರನ ಮೇಲೆ. ಅದೇ ಊರಿನ ಹಳೆಯ ಯಹೂದಿ ಬಡಾವಣೆ ಲೋವರ್ ಈಸ್ಟ್ ಸೈಡ್‌ನಲ್ಲಿರುವ ಅಜ್ಜಿಯ ಲೆಕ್ಕ ಬೇರೆ. ಸಂಬಂಧ ಕುದುರಿಸುವ ಹೆಂಗಸನ್ನು ಹಿಡಿದು, ಉಪ್ಪಿನಕಾಯಿ ಮಾರುವ ಸ್ಯಾಮ್‌ನನ್ನು ಮೊಮ್ಮಗಳ ಮುಂದೆ ತಂದು ಕೂರಿಸುತ್ತಾಳೆ.

ಎರಡನೇ ಸಲ ನೋಡುವಾಗ ಪ್ರೇಮಕಥೆಯನ್ನು ಪಕ್ಕಕ್ಕಿಟ್ಟೆ. ನಿರ್ದೇಶಕಿ ಇನ್ನು ಯಾರಿಗೆಲ್ಲ ಸಮಯ ಕೊಟ್ಟಿದ್ದಾರೆ ಅಂತಷ್ಟೇ ಗಮನಿಸಿದೆ. ಆಗಲೇ ಅವರ ಕೈಚಳಕ ಕಂಡಿದ್ದು. ಇಜ್ಜಿ ಅಜ್ಜಿಯ ಗಲ್ಲದ ಕೂದಲು ಕೀಳುತ್ತಾ ಕೂರುತ್ತಾಳೆ. ಹಾಟ್ ಡಾಗ್ ಅಂಗಡಿಗೆ ಯಾರೋ ಒಬ್ಬ ಹೆಂಗಸು ಬಂದು ಹಾಡತೊಡಗುತ್ತಾಳೆ, ಎಲ್ಲರೂ ನಿಂತು ಕೇಳುತ್ತಾರೆ. ಇದ್ಯಾವುದೂ ಕಥೆಯನ್ನು ಮುಂದೆ ದೂಡುವುದಿಲ್ಲ. ಆದರೆ ಇಜ್ಜಿ ಯಾವ ಊರು, ಯಾವ ಜನರ ನಡುವೆ ಬದುಕುತ್ತಿದ್ದಾಳೆ ಅನ್ನೋದು ಇಲ್ಲೇ ತಿಳಿಯುವುದು. ಕೈಯ ವಾಸನೆ ಹೋಗಲೆಂದು ಹಾಲು, ವೆನಿಲಾ ಹಾಕಿ ತೊಳೆದುಕೊಳ್ಳುವ ಸ್ಯಾಮ್‌ಗೆ ತನ್ನ ಕೆಲಸದ ಬಗ್ಗೆ ನಾಚಿಕೆಯಿಲ್ಲ. ಅವನನ್ನು ಅಷ್ಟು ಘನತೆಯಿಂದ ತೋರಿಸಿದ್ದು ನನಗೆ ಬಹಳ ಹಿಡಿಸಿತು. ಅಜ್ಜಿಯಾಗಿ ನಟಿಸಿದ ರೈಜಲ್ ಬೋಜಿಕ್ ಯಿಡ್ಡಿಶ್ (ಪೂರ್ವ ಯೂರೋಪಿನ ಯಹೂದಿಗಳ ಭಾಷೆ) ರಂಗಭೂಮಿಯವರು. ಅವರು ಬಂದರೆ ಸಾಕು, ನಗು ತಾನಾಗಿ ಬರುತ್ತದೆ!

ಆಮೇಲೆ ಸಿಲ್ವರ್ ಅವರ ಹಳೆಯ ಸಿನಿಮಾಗಳಿಗೆ ಹೋದೆ. ಮೊದಲನೆಯದು 1975ರ ‘ಹೆಸ್ಟರ್ ಸ್ಟ್ರೀಟ್’. ಕಪ್ಪು ಬಿಳುಪು, ಮಾತು ಬಹುಪಾಲು ಯಿಡ್ಡಿಶ್. ಸ್ಟುಡಿಯೋಗಳು ದುಡ್ಡು ಹಾಕಲಿಲ್ಲ. ಮಹಿಳಾ ನಿರ್ದೇಶಕರು ಅಂದರೆ ಇನ್ನೊಂದು ತಲೆನೋವು ಅಂತ ಒಬ್ಬ ಅಧಿಕಾರಿ ಅವರ ಮುಖದ ಮೇಲೇ ಹೇಳಿದ್ದನಂತೆ. ರಿಯಲ್ ಎಸ್ಟೇಟ್ ವ್ಯವಹಾರದಲ್ಲಿದ್ದ ಗಂಡ ರಫೇಲ್ ಸಿಲ್ವರ್ ಹಣ ಹೊಂದಿಸಿದರು. ಸುಮಾರು 3,70,000 ಡಾಲರ್‌ನಲ್ಲಿ ಮುಗಿದ ಆ ಸಿನಿಮಾ ಅದರ ನಾಯಕಿ ಕ್ಯಾರಲ್ ಕೇನ್‌ಗೆ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟಿತು. ಇಷ್ಟಾದ ಮೇಲೂ ‘ಕ್ರಾಸಿಂಗ್ ಡೆಲಾನ್ಸಿ’ಗೆ ಅವರು ಮತ್ತೆ ಬಾಗಿಲು ತಟ್ಟಬೇಕಾಯಿತು. ನಾಯಕಿ ಏಮಿ ಇರ್ವಿಂಗ್ ಅವರ ಆಗಿನ ಪತಿ ಸ್ಟೀವನ್ ಸ್ಪೀಲ್‌ಬರ್ಗ್ ನೆರವಿನಿಂದ ಅದು ವಾರ್ನರ್ ಬ್ರದರ್ಸ್ ತಲುಪಿತು. ಸಿಲ್ವರ್ ಅವರ ಹೆಸರು ಹಿಂದೆ ಉಳಿದಿದ್ದು ಪ್ರತಿಭೆ ಸಾಲದೆ ಅಲ್ಲ, ಅಲ್ವಾ?

ನೀವೂ ಹೀಗೆ ನೋಡುತ್ತಾ ಹೋಗುವುದಾದರೆ, 1979ರಲ್ಲಿ ಅವರು ಮಾಡಿದ ಪ್ರೇಮಕಥೆಯ ಹೆಸರು ನೋಡಿಕೊಳ್ಳಿ. ಸ್ಟುಡಿಯೋ ಅದನ್ನು ‘ಹೆಡ್ ಓವರ್ ಹೀಲ್ಸ್’ ಅಂತ ಹೆಸರು ಬದಲಿಸಿ, ಸುಖಾಂತ್ಯ ಸೇರಿಸಿ ಬಿಟ್ಟಿತ್ತು. 1982ರಲ್ಲಿ ಆ ಕೊನೆಯನ್ನು ತೆಗೆದು ‘ಚಿಲ್ಲಿ ಸೀನ್ಸ್ ಆಫ್ ವಿಂಟರ್’ ಅಂತ ಮತ್ತೆ ಬಿಡುಗಡೆ ಮಾಡಿದರು. ನೋಡಬೇಕಾದ್ದು ಈ ಎರಡನೆಯದನ್ನು.