ಸರ್ಚ್ ಕನ್ಸೋಲ್‌ಗೆ ಡೊಮೇನ್ ನಿಮ್ಮದೇ ಎಂದು ತೋರಿಸುವುದು ಹೇಗೆ?

ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ‘ಡೊಮೇನ್’ ಆಯ್ಕೆ ಮಾಡಿ, ಎಚ್‌ಟಿಟಿಪಿಎಸ್ ಸೇರಿಸದೆ ಬರಿಯ ಹೆಸರು ಕೊಡಿ. ಅಲ್ಲಿ ಬರುವ ಟಿಎಕ್ಸ್‌ಟಿ ಸಾಲನ್ನು (ಡೊಮೇನ್‌ನ ಸೆಟ್ಟಿಂಗ್‌ಗಳಲ್ಲಿ ಸೇರಿಸಬೇಕಾದ ಪಠ್ಯದ ರೆಕಾರ್ಡ್) ಪೂರ್ತಿ ಕಾಪಿ ಮಾಡಿಕೊಳ್ಳಿ; ‘ಗೂಗಲ್-ಸೈಟ್-ವೆರಿಫಿಕೇಶನ್=’ ಎಂಬ ಭಾಗವೂ ಬೇಕು.

ಈಗ ನೇಮ್‌ಸರ್ವರ್ (ಡೊಮೇನ್‌ನ ರೆಕಾರ್ಡ್‌ಗಳನ್ನು ಇಟ್ಟುಕೊಂಡಿರುವ ಸರ್ವರ್) ಯಾರದ್ದೆಂದು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಡೊಮೇನ್ ಕೊಂಡದ್ದು ಗೋಡ್ಯಾಡಿಯಲ್ಲಾದರೂ ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ನದಾಗಿದ್ದರೆ ಆ ಟಿಎಕ್ಸ್‌ಟಿ ರೆಕಾರ್ಡ್ ಹಾಕಬೇಕಾದ್ದು ಕ್ಲೌಡ್‌ಫ್ಲೇರ್‌ನಲ್ಲಿ. ಹೋಸ್ಟ್ ಜಾಗಕ್ಕೆ @ ಸಾಕು. ಪೂರ್ತಿ ಡೊಮೇನ್ ಬರೆದರೆ ಕೆಲವು ಪ್ಯಾನಲ್‌ಗಳು ಅದೇ ಹೆಸರನ್ನು ಕೊನೆಗೆ ಇನ್ನೊಮ್ಮೆ ಅಂಟಿಸಿಬಿಡುತ್ತವೆ. ಟಿಟಿಎಲ್ (ರೆಕಾರ್ಡನ್ನು ಇತರ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಸಮಯ, ಸೆಕೆಂಡ್‌ಗಳಲ್ಲಿ) 3600 ಇರಲಿ. ಇಮೇಲ್‌ಗೆಂದು ಮೊದಲೇ ಇರುವ ಎಸ್‌ಪಿಎಫ್ ಸಾಲನ್ನು (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ) ಮುಟ್ಟಬೇಡಿ, ಗೂಗಲ್ ಕೊಟ್ಟ ಸಾಲನ್ನು ಬೇರೆಯದಾಗಿಯೇ ಸೇರಿಸಿ. ಇಲ್ಲವಾದರೆ ನಿಮ್ಮ ಮೇಲ್‌ಗಳು ಸ್ಪ್ಯಾಮ್ ಸೇರಿಯಾವು!

ಎನ್‌ಎಸ್‌ಲುಕಪ್‌ನಲ್ಲಿ (ಡೊಮೇನ್‌ನ ರೆಕಾರ್ಡ್‌ಗಳನ್ನು ತೋರಿಸುವ ಕಮಾಂಡ್) ಹೊಸ ಸಾಲು ಕಂಡ ಮೇಲಷ್ಟೇ ‘ವೆರಿಫೈ’ ಒತ್ತಿ. ಕೆಲವೊಮ್ಮೆ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವೊಮ್ಮೆ 2-3 ದಿನ ಹಿಡಿಯುತ್ತದೆ. ಕೆಲಸ ಆಯಿತೆಂದು ರೆಕಾರ್ಡ್ ಅಳಿಸಬೇಡಿ: ಗೂಗಲ್ ಆಗಾಗ ಮತ್ತೆ ಪರಿಶೀಲಿಸುತ್ತದೆ.