ಸಾವನದುರ್ಗದ ಧೈರ್ಯ ಹಿಮಾಲಯದ ಕಲ್ಲಿಗೆ ಸಾಲದು

ಬೆಂಗಳೂರಿನ ಚಾರಣಿಗರಿಗೆ ಒಂದು ವಿಚಿತ್ರ ತೊಡಕಿದೆ: ನಮ್ಮ ಬಂಡೆಗಳು ತೀರಾ ನಂಬಿಕಸ್ಥ. ಸಾವನದುರ್ಗವಿರಲಿ, ರಾಮನಗರವಿರಲಿ, ಕಾಲಡಿಯಲ್ಲಿ ಸಾಮಾನ್ಯವಾಗಿ ಇರುವುದು ಅಖಂಡ ಕಲ್ಲು. ಅದೇ ಧೈರ್ಯ ಹೊತ್ತು ಮನಾಲಿಯ ಮೇಲಿನ ಬೆಟ್ಟಕ್ಕೆ ಹೋದವರು, ಕೈಗೆ ಸಿಕ್ಕ ಕಲ್ಲನ್ನು ಜಗ್ಗಿ ಎದೆಯ ಮೇಲೆ ಎಳೆದುಕೊಂಡದ್ದನ್ನು ಎರಡು ಸಲ ಕಂಡಿದ್ದೇನೆ. ಒಂದು ರಾತ್ರಿ ಡೇರೆಯಲ್ಲಿ ಕಳೆದು, ಬೆಳಗ್ಗೆ ಕೈಕಾಲು ಊರಿ ಶಿಖರ ಹತ್ತಿ ಇಳಿಯಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎತ್ತರ. ನಾವು ಬದುಕುವುದು ಸುಮಾರು 900 ಮೀಟರಿನಲ್ಲಿ. 4000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ಸುಮಾರು 2000 ಮೀಟರ್ ಎತ್ತರದ ಮನಾಲಿಯಲ್ಲಿ ಎರಡು ರಾತ್ರಿ ಮಲಗಿದ ಮೇಲೆಯೇ ಚೀಲ ಹೊರಿ. ಡೇರೆ 3000 ಮೀಟರಿನ ಆಸುಪಾಸಿನಲ್ಲಿರಲಿ. ತಲೆನೋವಿನ ಜತೆ ವಾಂತಿ, ತೂರಾಟ ಕಂಡರೆ ಆಗಲೇ ಇಳಿಯಬೇಕು, ಬೆಳಗಾಗಲಿ ಎಂದು ಕಾಯಬಾರದು.

ಚೀಲದಲ್ಲಿ ಭಾರದ ವಸ್ತು ಬೆನ್ನಿಗೆ ಅಂಟಿರಲಿ, ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಲಿ. ಹತ್ತಿಯ ಬನಿಯನ್ ಬೇಡ, ಬೆವರು ಆರುವುದಿಲ್ಲ. ಆ ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ತೊಗರಿಬೇಳೆ ಬೇಯಿಸುವ ಹಟ ಬಿಡಿ. ಗೊಜ್ಜವಲಕ್ಕಿಯ ಪುಡಿ ಒಯ್ಯಿರಿ, ಬಿಸಿನೀರು ಸುರಿದರೆ ಊಟ ಮುಗಿಯಿತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಬರೀ ಬ್ಯೂಟೇನ್ ತುಂಬಿದ ಅಗ್ಗದ ಡಬ್ಬಿಯಂತೂ ಬೇಡವೇ ಬೇಡ. ಅದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ನಿಮಗೆ ಕಾಫಿ ಅತಿಯಾಗಿ ಬೇಕಾದ ಹೊತ್ತಿಗೆ ಒಲೆ ಕೆಮ್ಮುತ್ತದೆ. ಮೊಬೈಲ್ ಮತ್ತು ತಲೆಗೆ ಕಟ್ಟುವ ದೀಪದ ಬ್ಯಾಟರಿಯನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ.

ಈಗ ಕಲ್ಲಿನ ಮಾತು. ಹಿಮಾಲಯದ ಕಲ್ಲಿನ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗುತ್ತದೆ, ಹಗಲು ಕರಗುತ್ತದೆ. ವರ್ಷಗಟ್ಟಲೆ ಹೀಗೆ ಸೀಳಿಸಿಕೊಂಡ ಕಲ್ಲು ನೋಡಲು ಗಟ್ಟಿ, ಮುಟ್ಟಿದರೆ ಸಡಿಲ. ಆದ್ದರಿಂದ ಹಿಡಿಯುವ ಮೊದಲು ಹಲಸಿನ ಹಣ್ಣು ತಟ್ಟಿ ನೋಡುವಂತೆ ಅಂಗೈಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಬಿಡಿ. ಗಟ್ಟಿ ಅನ್ನಿಸಿದ ಕಲ್ಲನ್ನೂ ನಿಮ್ಮತ್ತ ಎಳೆಯಬೇಡಿ, ಕೆಳಕ್ಕೆ ಒತ್ತಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು. ಒಂದು ಮಾತ್ರ ಚಲಿಸಬೇಕು. ಹೆದರಿದವರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಪಾದ ಕಾಣುವುದಿಲ್ಲ, ಜಾರುವುದೂ ಅದೇ ಪಾದ. ಮೈಯನ್ನು ಕಲ್ಲಿನಿಂದ ದೂರವಿಟ್ಟು, ಪಾದ ನೋಡಿ ಊರಿ, ಕಾಲಿನ ಬಲದಿಂದ ಮೇಲೇಳಿ. ಕೈ ಇರುವುದು ತೂಕ ತಪ್ಪದಂತೆ ನೋಡಿಕೊಳ್ಳಲು ಅಷ್ಟೆ.

ಮುಂದಿನವರ ನೇರ ಕೆಳಗೆ ಎಂದೂ ಹತ್ತಬೇಡಿ. ಕಲ್ಲು ಉರುಳಿದರೆ ಯಾರು ಉರುಳಿಸಿದರೆಂದು ಯೋಚಿಸದೆ ‘ಕಲ್ಲು!’ ಎಂದು ಕೂಗಿ. ಗಾಡಿಯ ಹೆಲ್ಮೆಟ್ ತಂದ ಮಹನೀಯರೊಬ್ಬರಿಗೆ ಆ ಕೂಗೇ ಕೇಳಿಸಲಿಲ್ಲ, ಕಿವಿ ಮುಚ್ಚಿತ್ತು. ಪರ್ವತಾರೋಹಣದ ಹಗುರ ಹೆಲ್ಮೆಟ್ ಬಾಡಿಗೆಗೆ ತನ್ನಿ. ಊರುಗೋಲುಗಳನ್ನು ಮಡಚಿ ಚೀಲಕ್ಕೆ ಕಟ್ಟಿ. ಮಣಿಕಟ್ಟಿಗೆ ತೂಗುಬಿಟ್ಟರೆ ಸಂದಿಗೆ ಸಿಕ್ಕಿಕೊಳ್ಳುತ್ತವೆ.

ಹತ್ತಲು ಸಾಧ್ಯವಾದದ್ದೆಲ್ಲ ಇಳಿಯಲು ಸಾಧ್ಯವಾಗುವುದಿಲ್ಲ. ಅನುಮಾನವಿರುವ ಕಡೆ ಎರಡು ಹೆಜ್ಜೆ ಹತ್ತಿ, ಅದೇ ಎರಡು ಹೆಜ್ಜೆ ಇಳಿದು ನೋಡಿ. ಆಗದಿದ್ದರೆ ಬೇರೆ ದಾರಿ ಹುಡುಕಿ, ಇಲ್ಲವೇ ಹಿಂತಿರುಗಿ. ನಮ್ಮ ಲೆಕ್ಕ ಸರಳ: ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದು, ಹನ್ನೊಂದಕ್ಕೆ ಶಿಖರ ನೂರು ಮೀಟರ್ ದೂರದಲ್ಲಿದ್ದರೂ ತಿರುಗುವುದು. ಬಿಸಿಲೇರಿದಂತೆ ಕಲ್ಲುಗಳನ್ನು ಹಿಡಿದಿದ್ದ ಮಂಜು ಸಡಿಲಾಗುತ್ತದೆ, ಮಧ್ಯಾಹ್ನ ಮೋಡವೂ ಕವಿಯಬಹುದು.

ಇಳಿಯುವಾಗ ಕಡಿದಾದಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ ಇಳಿಯಿರಿ. ಕುಳಿತು ಜಾರುವುದು ಬೇಡ, ಚೀಲದ ತಳ ತಾಗಿ ಮುಂದಕ್ಕೆ ತಳ್ಳುತ್ತದೆ. ಹೊರಡುವ ಮುನ್ನ ಶೂ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ; ಇಲ್ಲವಾದರೆ ಡೇರೆ ತಲುಪುವಷ್ಟರಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತದೆ.