ಮಳೆಗಾಲದ ಸಂಜೆ, ತೋಟದ ಮನೆಯಲ್ಲಿ 'ಡಾರ್ಕ್ ಶ್ಯಾಡೋಸ್' ತೋರಿಸುವುದು ಹೇಗೆ

ಟಿಮ್ ಬರ್ಟನ್ ನಿರ್ದೇಶಿಸಿದ 'ಡಾರ್ಕ್ ಶ್ಯಾಡೋಸ್' ಸಿನಿಮಾ ಬಂದದ್ದು 2012ರಲ್ಲಿ. ಜಾನಿ ಡೆಪ್ ಅದರಲ್ಲಿ ರಕ್ತಪಿಶಾಚಿ. ಇದನ್ನು ಯಾರಿಗೆ ತೋರಿಸಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಹಾಲಿವುಡ್ ಹುಚ್ಚಿನ ಹುಡುಗರನ್ನಲ್ಲ. ದಿನಾ ಸಂಜೆ ಧಾರಾವಾಹಿ ತಪ್ಪಿಸದ ಅತ್ತೆ, ಚಿಕ್ಕಮ್ಮ, ಪಕ್ಕದ ತೋಟದ ಅಜ್ಜಿ, ಇವರನ್ನು ಕೂರಿಸಿ. ಯಾಕೆಂದರೆ ಇದು ಮೂಲದಲ್ಲಿ ಒಂದು ಧಾರಾವಾಹಿಯೇ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1966ರ ಜೂನ್‌ನಿಂದ 1971ರ ಏಪ್ರಿಲ್‌ವರೆಗೆ, ವಾರದ ಐದು ದಿನ, ಮಧ್ಯಾಹ್ನದ ಹೊತ್ತು ಬಂತು. ಒಟ್ಟು 1,225 ಕಂತು. ಶಾಲೆ ಬಿಟ್ಟ ಮಕ್ಕಳು ಓಡಿ ಬಂದು ಟಿ.ವಿ. ಮುಂದೆ ಕೂರುತ್ತಿದ್ದರಂತೆ. ಹಾಗೆ ಕೂತ ಮಕ್ಕಳಲ್ಲಿ ಜಾನಿ ಡೆಪ್ ಕೂಡ ಒಬ್ಬರು.

ಸಿನಿಮಾ ಬಂದಾಗ ತುಂಬಾ ಜನಕ್ಕೆ ಇದು ಹಾರರ್ರೋ ಕಾಮಿಡಿಯೋ ಗೊತ್ತಾಗಲಿಲ್ಲ. ನನ್ನ ಪ್ರಕಾರ ಎರಡಕ್ಕಿಂತ ಮೊದಲು ಇದು ಒಂದು ಮನೆತನದ ಕತೆ. ಹಾಗೆ ನೋಡುವಂತೆ ಮಾಡಿದರೆ ಸಿನಿಮಾ ತಾನಾಗಿ ಅರಳುತ್ತದೆ. ನಮ್ಮ ಸಕಲೇಶಪುರದ ಕಡೆ ಪ್ರತಿ ಮಳೆಗಾಲ ನೆಂಟರು, ಅಕ್ಕಪಕ್ಕದವರನ್ನು ಸೇರಿಸಿ ಮನೆಯಲ್ಲಿ ಸಿನಿಮಾ ಹಾಕುವ ರೂಢಿ ನನ್ನದು. ಈ ಸಿನಿಮಾಕ್ಕೆ ಏನೇನು ತಯಾರಿ ಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಂಶವೃಕ್ಷ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಮನೆಯ ಯಜಮಾನಿ ಎಲಿಜಬೆತ್, ಈ ಪಾತ್ರ ಮಿಶೆಲ್ ಫೈಫರ್ ಮಾಡಿದ್ದಾರೆ. ಅವಳ ಮಗಳು ಕ್ಯಾರೊಲಿನ್, ಹದಿನೈದರ ಸಿಟ್ಟಿನ ಹುಡುಗಿ. ಎಲಿಜಬೆತ್‌ನ ತಮ್ಮ ರೋಜರ್, ಕೆಲಸಕ್ಕೆ ಬಾರದವನು. ಅವನ ಮಗ ಡೇವಿಡ್, ತೀರಿಹೋದ ತಾಯಿಯನ್ನು ಇನ್ನೂ ಕಾಣುವ ಪುಟ್ಟ ಹುಡುಗ. ಹುಡುಗನನ್ನು ನೋಡಿಕೊಳ್ಳಲು ಬಂದು ಮನೆಯಲ್ಲೇ ಉಳಿದ ಡಾಕ್ಟರ್ ಜೂಲಿಯಾ ಹಾಫ್‌ಮನ್. ಮನೆ ಆಳು ವಿಲ್ಲಿ. ಹೊಸದಾಗಿ ಬರುವ ಟೀಚರ್ ವಿಕ್ಟೋರಿಯಾ. ಇಷ್ಟನ್ನು ಒಂದು ಕಡೆ ಬರೆದು, ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ಆ ಮನೆಯ ಹಿರಿಯ ಬಾರ್ನಬಸ್ ಹೆಸರು ಹಾಕಿ, ಡೆಪ್ ಮಾಡಿದ ರಕ್ತಪಿಶಾಚಿ ಇವನೇ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಆಂಜೆಲಿಕ್. ಅವಳು ಮನೆಯವಳಲ್ಲ. ಒಂದು ಕಾಲಕ್ಕೆ ಆ ಮನೆಯಲ್ಲಿ ಕೆಲಸಕ್ಕಿದ್ದವಳು, ಮಾಟಗಾತಿ. ಬಾರ್ನಬಸ್ ಅವಳನ್ನು ಬಳಸಿಕೊಂಡು, ಆಮೇಲೆ ಜೋಸೆಟ್ ಎಂಬ ಹುಡುಗಿಯನ್ನು ಪ್ರೀತಿಸಿದ. ಆ ಸಿಟ್ಟಿಗೆ ಅವಳು ಜೋಸೆಟ್‌ಳನ್ನು ಬೆಟ್ಟದಿಂದ ಕಡಲಿಗೆ ಹಾರುವಂತೆ ಮಾಡುತ್ತಾಳೆ, ಇವನನ್ನು ರಕ್ತಪಿಶಾಚಿ ಮಾಡಿ ಸರಪಳಿ ಬಿಗಿದ ಪೆಟ್ಟಿಗೆಯಲ್ಲಿ ಹೂಳಿಸುತ್ತಾಳೆ.

ನಮ್ಮತ್ತೆ ಆ ಹಾಳೆ ನೋಡಿ ಕೇಳಿದ ಮೊದಲ ಪ್ರಶ್ನೆ, 'ಆಸ್ತಿ ಯಾರ ಹೆಸರಲ್ಲಿದೆ?' ಸರಿಯಾದ ಪ್ರಶ್ನೆ ಅದು. ಕತೆಯ ನಡುಗಂಬವೇ ಅದು.

ಕಾಲದ ಅಂತರವನ್ನೂ ಮೊದಲೇ ಹೇಳಿಬಿಡಿ. ಬಾರ್ನಬಸ್ ಮಣ್ಣಿನಡಿ ಇದ್ದದ್ದು 196 ವರ್ಷ. ಹೂತದ್ದು 1776ರಲ್ಲಿ, ಅಂದರೆ ಇಲ್ಲಿ ಹೈದರಾಲಿಯ ಕಾಲ. ಹೊರಗೆ ಬಂದದ್ದು 1972ರಲ್ಲಿ. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರೂ ಬಂದಿರಲಿಲ್ಲ, ಅದು 1973ರ ನವೆಂಬರ್‌ನಲ್ಲಿ. ಹೈದರಾಲಿಯ ಕಾಲದ ಒಬ್ಬ ದೊಡ್ಡ ಮನೆಯ ಮಗ ಎದ್ದು ಬಂದು ಡಾಂಬರು ರಸ್ತೆ, ಕಾರಿನ ದೀಪ, ಟಿ.ವಿ. ಎಲ್ಲ ನೋಡುತ್ತಾನೆ ಅಂತ ಹೇಳಿದರೆ ಸಾಕು. ಇಂಗ್ಲಿಷ್ ಬಾರದವರಿಗೂ ಅರ್ಧ ಸಿನಿಮಾ ಗೊತ್ತಾದ ಹಾಗೆ.

ಇನ್ನು ಸಂಜೆಯ ಕ್ರಮ. ನೇರ ಸಿನಿಮಾಕ್ಕೆ ಹೋಗಬೇಡಿ. ಮೊದಲು ಹಳೇ ಧಾರಾವಾಹಿಯ 210 ಮತ್ತು 211ನೇ ಕಂತು ಹಾಕಿ. ಎರಡೂ ಸೇರಿ ಮುಕ್ಕಾಲು ಗಂಟೆ ಆಗುವುದಿಲ್ಲ. ಧಾರಾವಾಹಿ ಶುರುವಾಗಿ ಹೆಚ್ಚುಕಡಿಮೆ ಒಂದು ವರ್ಷ ಅದರಲ್ಲಿ ರಕ್ತಪಿಶಾಚಿಯೇ ಇರಲಿಲ್ಲ. ನೋಡುವವರು ಕಡಿಮೆಯಾಗಿ, ನಿಂತೇ ಹೋಗುವ ಸ್ಥಿತಿ ಬಂದಾಗ ನಿರ್ಮಾಪಕ ಡ್ಯಾನ್ ಕರ್ಟಿಸ್ 1967ರ ಏಪ್ರಿಲ್‌ನಲ್ಲಿ ಬಾರ್ನಬಸ್‌ನನ್ನು ತಂದರು. ಸ್ವಲ್ಪ ದಿನ ಇಟ್ಟುಕೊಂಡು ಸಾಯಿಸುವ ಯೋಚನೆ ಇತ್ತು. ಜನ ಬಿಡಲಿಲ್ಲ. 210ರಲ್ಲಿ ವಿಲ್ಲಿ ಒಡವೆಯ ಆಸೆಗೆ ಸಮಾಧಿಯೊಳಗೆ ನುಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾನೆ. ಒಳಗಿಂದ ಒಂದು ಕೈ ಬಂದು ಕುತ್ತಿಗೆ ಹಿಡಿಯುತ್ತದೆ. 211ರಲ್ಲಿ ಆ ಕೈಯ ಒಡೆಯ ನೀಟಾಗಿ ಕೋಟು ಹಾಕಿಕೊಂಡು ಮನೆ ಬಾಗಿಲಿಗೆ ಬಂದು, ಇಂಗ್ಲೆಂಡಿನಿಂದ ಬಂದ ಸಂಬಂಧಿ ಅಂತ ಹೇಳಿಕೊಳ್ಳುತ್ತಾನೆ. ಗೋಡೆಯ ಮೇಲೆ ಅವನದೇ ಹಳೇ ಪಟ. ಸಿನಿಮಾದಲ್ಲೂ ಇದೇ ನೆಂಟಸ್ತಿಕೆಯ ಸುಳ್ಳು, ಇದೇ ಪಟ. ಮುಕ್ಕಾಲು ಗಂಟೆ ಮೊದಲು ಮೂಲ ನೋಡಿದವರಿಗೆ ಅಲ್ಲಿ ಸಿಗುವ ಖುಷಿಯೇ ಬೇರೆ.

ಹಳೇ ಕಂತಿನಲ್ಲಿ ಚಿತ್ರ ಕಪ್ಪು ಬಿಳುಪು, ವೇಗ ಕಡಿಮೆ. ನಾಟಕದ ಹಾಗೆ ಒಂದೇ ಓಟಕ್ಕೆ ಟೇಪ್ ಮಾಡುತ್ತಿದ್ದರು. ಟೇಪ್ ಕತ್ತರಿಸಿ ಜೋಡಿಸುವುದು ಆಗ ಜಾಸ್ತಿ ಖರ್ಚಿನ ಕೆಲಸ. ಅದಕ್ಕೇ ಮೈಕಿನ ನೆರಳು ಗೋಡೆ ಮೇಲೆ ಬಿದ್ದರೂ, ನಟರು ಮಾತು ಮರೆತು ತಡವರಿಸಿದರೂ ಹಾಗೇ ಪ್ರಸಾರವಾಯಿತು. ಮಕ್ಕಳು ನಗುತ್ತಾರೆ, ನಗಲಿ. ಆದರೆ ದಿನಕ್ಕೊಂದು ಕಂತು ತಯಾರಾಗುತ್ತಿತ್ತು ಅನ್ನುವುದನ್ನೂ ಹೇಳಿ. ಅಷ್ಟು ಒತ್ತಡದಲ್ಲೂ ಜೋನಾಥನ್ ಫ್ರಿಡ್ ಎಂಬ ನಟ ಬಾರ್ನಬಸ್‌ಗೆ ಒಂದು ದುಃಖ ತಂದುಕೊಟ್ಟರು. ಕೊಲ್ಲುವವನ ಮೇಲೆ ನೋಡುವವರಿಗೆ ಮರುಕ ಬಂದದ್ದು ಅವರಿಂದ. ಡೆಪ್ ಮಾಡಿದ್ದು ಆ ದುಃಖದ ಮೇಲೆ ನಗುವನ್ನು ಹಚ್ಚಿದ ಕೆಲಸ.

ಏಳೂಕಾಲಕ್ಕೆ ಕಾಫಿ, ಜೊತೆಗೆ ಹುರಿದ ಹಲಸಿನ ಬೀಜ. ಆಮೇಲೆ ಸಿನಿಮಾ, 113 ನಿಮಿಷ. ಮಧ್ಯೆ ಒಂದು ವಿರಾಮ ಕೊಡಿ. ಬಾರ್ನಬಸ್ ಮನೆಯ ಗುಪ್ತ ನಿಧಿ ತೋರಿಸಿ, ಪಾಳು ಬಿದ್ದ ಮೀನಿನ ಕಾರ್ಖಾನೆ ಮತ್ತೆ ಶುರುವಾಗುವ ಹಾಡಿನ ಭಾಗ ಮುಗಿದ ಮೇಲೆ ನಿಲ್ಲಿಸಿ. ಅಲ್ಲಿ ಎಲ್ಲರ ಮನಸ್ಸೂ ಸಂತೋಷದಲ್ಲಿರುತ್ತದೆ.

ಮಳೆಗೆ ಸಂಬಂಧಪಟ್ಟ ಕೆಲಸಗಳು ಇವು. ತಗಡಿನ ಶೀಟಿನ ಮಾಡಿನ ಕೆಳಗೆ ಸಿನಿಮಾ ಇಡಲೇಬೇಡಿ. ಜೋರು ಮಳೆ ಹಿಡಿದರೆ ಒಂದು ಮಾತೂ ಕೇಳುವುದಿಲ್ಲ. ಹಂಚಿನ ಮನೆಯ ಒಳಹಜಾರ, ಮೇಲೆ ಮರದ ಅಟ್ಟ ಇದ್ದರೆ ಉತ್ತಮ. ಸ್ಪೀಕರನ್ನು ಪರದೆಯ ಕೆಳಗೇ ಇಡಿ, ಕೂತವರ ಬೆನ್ನ ಹಿಂದೆ ಬೇಡ. ಸಬ್‌ಟೈಟಲ್ ಹಾಕಿರಿ. ಬಾರ್ನಬಸ್ ಆಡುವುದು ಹಳೇ ಕಾಲದ ಬಿಗಿಯಾದ ಇಂಗ್ಲಿಷ್, ಕಾನ್ವೆಂಟ್ ಮಕ್ಕಳಿಗೂ ಓದಿದರೇ ಚೆನ್ನಾಗಿ ತಿಳಿಯುವುದು. ಕರೆಂಟ್ ಹೋಗುವುದು ಗ್ಯಾರಂಟಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ಪ್ರೊಜೆಕ್ಟರಿಗೆ ಇರುವುದಿಲ್ಲ, ಅದನ್ನು ಯುಪಿಎಸ್‌ಗೆ ಹಾಕಿ. ಸಿಡಿಲು ಹತ್ತಿರ ಬಂದರೆ ಮಾತ್ರ ಎಲ್ಲ ಕಿತ್ತಿಟ್ಟು ಕಾಯಿರಿ.

ಮುಂಗಾರಿನ ಮೊದಲ ವಾರ ಇನ್ನೊಂದು ಕಾಟ, ರೆಕ್ಕೆ ಗೆದ್ದಲು. ಪ್ರೊಜೆಕ್ಟರಿನ ಬೆಳಕಿಗೆ ನೂರಾರು ಬಂದು ಮುತ್ತುತ್ತವೆ. ಒಂದು ಹುಳ ಲೆನ್ಸಿನ ಮೇಲೆ ಕೂತರೆ ಪರದೆಯ ಮೇಲೆ ಚಿತ್ರ ಮಸುಕಾಗುತ್ತದೆ. ಕತ್ತಲಾಗುವ ಮೊದಲೇ ಕಿಟಕಿ ಹಾಕಿ. ಅಂಗಳದ ದೂರದ ಮೂಲೆಯಲ್ಲಿ ಒಂದು ಬಲ್ಬ್ ಉರಿಸಿ, ಅದರ ಕೆಳಗೆ ಅಗಲ ಬೋಗುಣಿಯಲ್ಲಿ ನೀರಿಡಿ. ಜಗಲಿಯ ದೀಪ ಆರಿಸಿ. ಇದು ಹುಳಕ್ಕೂ ಒಳ್ಳೆಯದು, ಸಿನಿಮಾಕ್ಕೂ ಒಳ್ಳೆಯದು. ಬ್ರೂನೋ ಡೆಲ್ಬೊನೆಲ್ ಅವರ ಛಾಯಾಗ್ರಹಣ ನೀಲಿ, ಬೂದು ಬಣ್ಣದ ಕತ್ತಲಿನದು. ಹಜಾರದಲ್ಲಿ ಸ್ವಲ್ಪ ಬೆಳಕಿದ್ದರೂ ಮನೆಯ ಕೆತ್ತನೆ, ಕಂಬದ ಮೇಲಿನ ಕಡಲಕನ್ಯೆಯರು ಏನೂ ಕಾಣುವುದಿಲ್ಲ. ಪರದೆಗೆ ಬಿಳಿ ಪಂಚೆ ಎರಡು ಪದರ ಮಾಡಿ ಬಿಗಿಯಾಗಿ ಕಟ್ಟಿ. ಒಂದೇ ಪದರವಾದರೆ ಬೆಳಕು ಹಿಂದಕ್ಕೆ ಸೋರುತ್ತದೆ.

ಸಿನಿಮಾದ ಆ ಬಂಗಲೆಯ ಗಾಥಿಕ್ ಶೈಲಿ ಅಂದರೆ ಏನು ಅಂತ ಮಕ್ಕಳು ಕೇಳಿದರೆ ಶೆಟ್ಟಿಹಳ್ಳಿಯ ಚರ್ಚ್ ನೆನಪಿಸಿ. ಹಾಸನದಿಂದ ಸುಮಾರು 20 ಕಿಲೋಮೀಟರ್. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು, ಚರ್ಚ್ ಉಳಿಯಿತು. ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ. ಮೇಲೆ ಚೂಪಾದ ಕಮಾನು, ಎತ್ತರದ ಗೋಡೆ, ಸೂರಿಲ್ಲದ ಆಕಾಶ. ಆಗುವುದಾದರೆ ಸಿನಿಮಾಕ್ಕೆ ಒಂದೆರಡು ದಿನ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ ದೂರದಿಂದ ತೋರಿಸಿ. ಗೋಡೆ ದುರ್ಬಲವಾಗಿದೆ, ಹತ್ತಿರ ಬಿಡಬೇಡಿ.

ಕೆಲವು ತಮಾಷೆಗಳನ್ನು ಮೊದಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀರಿಗೆ ಹಾಕಿದ ಹಾಗೆ. ಹಳದಿ ಬಣ್ಣದ ದೊಡ್ಡ 'ಎಂ' ಅಕ್ಷರ ಕಂಡು ಬಾರ್ನಬಸ್ ಬೆಚ್ಚುತ್ತಾನೆ. ಅದು ಮೆಕ್‌ಡೊನಾಲ್ಡ್ಸ್ ಹೋಟೆಲಿನ ಫಲಕ. ಅವನಿಗೆ ಅದು ಮೆಫಿಸ್ಟೋಫಿಲಿಸ್ ಎಂಬ ಸೈತಾನನ ಗುರುತು. ಪಾರ್ಟಿಗೆ ಹಾಡಲು ಬರುವ ಆಲಿಸ್ ಕೂಪರ್ ನಿಜವಾದ ರಾಕ್ ಗಾಯಕ, ಗಂಡಸು. ಹೆಸರು ಮಾತ್ರ ಹೆಣ್ಣಿನದು. ಇದು ಗೊತ್ತಿಲ್ಲದಿದ್ದರೆ ಬಾರ್ನಬಸ್ ಆತನ ರೂಪದ ಬಗ್ಗೆ ಆಡುವ ಮಾತಿಗೆ ಯಾರೂ ನಗುವುದಿಲ್ಲ. ಟಿ.ವಿ. ದೃಶ್ಯಕ್ಕೆ ಮಾತ್ರ ಏನೂ ಹೇಳಬೇಡಿ. ಪೆಟ್ಟಿಗೆಯೊಳಗೆ ಹಾಡುತ್ತಿರುವ ಪುಟ್ಟ ಹೆಂಗಸನ್ನು ಹೊರಗೆ ಬಾ ಅಂತ ಅವನು ಗದರಿಸುತ್ತಾನೆ, ವೈರು ಕಿತ್ತೆಸೆಯುತ್ತಾನೆ. ಊರಿಗೆ ಮೊದಲ ಟಿ.ವಿ. ಬಂದದ್ದನ್ನು ನೋಡಿದ ತಲೆಮಾರು ಇಲ್ಲಿ ಎಲ್ಲರಿಗಿಂತ ಮೊದಲು ನಗುತ್ತದೆ.

ನಗು ಎಲ್ಲಿ ಬೇಡವೋ ಅಲ್ಲಿ ಸುಮ್ನೆ ಬಿಡಿ. ಎಲಿಜಬೆತ್ ದೊಡ್ಡ ಬಂಗಲೆಯ ಬಹುಪಾಲು ಕೋಣೆ ಮುಚ್ಚಿ, ಕೆಲವೇ ಕೋಣೆಗಳಲ್ಲಿ ಸಂಸಾರ ನಡೆಸುತ್ತಾಳೆ. ವ್ಯಾಪಾರ ಕೈಬಿಟ್ಟಿದೆ, ಹೆಸರು ಮಾತ್ರ ಉಳಿದಿದೆ. ಎದುರಾಳಿ ಕಂಪನಿಯ ಒಡತಿ ಆಂಜೆಲಿಕ್ ಊರನ್ನೇ ಕೊಂಡುಕೊಂಡಿದ್ದಾಳೆ. ಕಾಫಿ ಬೆಲೆ ನೆಲ ಕಚ್ಚಿದ ವರ್ಷಗಳಲ್ಲಿ ಮೇಲಂತಸ್ತಿಗೆ ಬೀಗ ಹಾಕಿದ ಮನೆಗಳು ನಮ್ಮ ಕಡೆ ಎಷ್ಟಿಲ್ಲ ಹೇಳಿ? ಮಿಶೆಲ್ ಫೈಫರ್ ಆ ತಲೆ ಎತ್ತಿ ನಡೆಯುವ ರೀತಿ ನೋಡಿದರೆ ನನಗೆ ಗೊತ್ತಿರುವ ಹೆಂಗಸರೇ ನೆನಪಾಗುತ್ತಾರೆ. ಸಾಲ ಎಷ್ಟೇ ಇರಲಿ, ಬಂದವರಿಗೆ ಬೆಳ್ಳಿ ಲೋಟದಲ್ಲೇ ಕಾಫಿ ಕೊಡುವವರು.

ಪಾರ್ಟಿಗೆ ಅತಿಥಿಗಳು ಬರುವ ದೃಶ್ಯದಲ್ಲಿ ಒಮ್ಮೆ ನಿಲ್ಲಿಸಿ ತೋರಿಸಿ. ಬಾಗಿಲಲ್ಲಿ ಬರುವ ವಯಸ್ಸಾದ ನಾಲ್ವರು ಜೋನಾಥನ್ ಫ್ರಿಡ್, ಲಾರಾ ಪಾರ್ಕರ್, ಕ್ಯಾಥರಿನ್ ಲೀ ಸ್ಕಾಟ್, ಡೇವಿಡ್ ಸೆಲ್ಬಿ. ಹಳೇ ಧಾರಾವಾಹಿಯ ಬಾರ್ನಬಸ್, ಆಂಜೆಲಿಕ್, ಜೋಸೆಟ್, ಕ್ವೆಂಟಿನ್. ಹೊಸ ಬಾರ್ನಬಸ್ ಹಳೇ ಬಾರ್ನಬಸ್‌ನನ್ನು ಮನೆಗೆ ಬರಮಾಡಿಕೊಳ್ಳುತ್ತಾನೆ. ಕೆಲವೇ ಕ್ಷಣ. ಫ್ರಿಡ್ 2012ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಸಿನಿಮಾ ಬಿಡುಗಡೆಯಾದದ್ದು ಮೇ ತಿಂಗಳಲ್ಲಿ. 210ನೇ ಕಂತಿನ ಆ ಕೈ ನೋಡಿದವರಿಗೆ ಇಲ್ಲಿ ಗಂಟಲು ಕಟ್ಟುತ್ತದೆ.

ಸಣ್ಣ ಮಕ್ಕಳಿಗೆ ಇದು ಬೇಡ. ನೆಲ ಅಗೆದು ಪೆಟ್ಟಿಗೆ ಹೊರತೆಗೆಯುವ ಕೆಲಸಗಾರರನ್ನು ಬಾರ್ನಬಸ್ ಕೊಲ್ಲುವುದು ಶುರುವಿನಲ್ಲೇ ಬರುತ್ತದೆ. ಆಮೇಲೆ ಬಾರ್ನಬಸ್, ಆಂಜೆಲಿಕ್ ಕೋಣೆಯನ್ನೇ ಪುಡಿಮಾಡುವ ಪ್ರಣಯದ ದೃಶ್ಯ ಇದೆ. ಹೈಸ್ಕೂಲಿನವರಿಂದ ಮೇಲೆ ಕೂರಿಸಿ, ಹಿರಿಯರಿಗೂ ಮೊದಲೇ ಸೂಚನೆ ಕೊಡಿ.

ಕೊನೆಯ ಅರ್ಧ ಗಂಟೆ ಗಡಿಬಿಡಿ. ವರ್ಷಗಟ್ಟಲೆ ಓಡಿದ ಕತೆಯನ್ನು ಎರಡು ತಾಸಿಗೆ ಇಳಿಸಿದ ಕಷ್ಟ ಇಲ್ಲೇ ಕಾಣುವುದು. ಕ್ಯಾರೊಲಿನ್ ಏಕಾಏಕಿ ತೋಳ ಮನುಷ್ಯಳಾಗುತ್ತಾಳೆ. ಇದು ಎಲ್ಲಿಂದ ಬಂತು ಅಂತ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಸಿನಿಮಾ ಅದಕ್ಕೆ ಒಂದು ಸಾಲಿನ ಕಾರಣ ಕೊಡುತ್ತದೆ ಅಷ್ಟೆ. ಆಗ ಆಂಜೆಲಿಕ್ ಮುಖ ನೋಡಿ ಅಂತ ಹೇಳಿ. ಆ ಪಾತ್ರ ಮಾಡಿದ ಇವಾ ಗ್ರೀನ್ ಚರ್ಮ ಪಿಂಗಾಣಿಯ ಹಾಗೆ ಬಿರುಕು ಬಿಡುತ್ತಾ ಹೋಗುತ್ತದೆ. ಕೊನೆಗೆ ತನ್ನ ಹೃದಯವನ್ನೇ ಕಿತ್ತು ಅವನಿಗೆ ಕೊಡುತ್ತಾಳೆ. ಅದು ಅವನ ಕೈಯಲ್ಲಿ ಪುಡಿಯಾಗುತ್ತದೆ. ಇನ್ನೂರು ವರ್ಷದ ಹಗೆಯ ಒಳಗಿದ್ದದ್ದು ಏನು ಅಂತ ಧಾರಾವಾಹಿ ನೋಡಿ ಪಳಗಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿನಿಮಾ ಮುಗಿಯುವಾಗ ನೀರಿನಡಿಯಲ್ಲಿ ಡಾಕ್ಟರ್ ಜೂಲಿಯಾ ಕಣ್ಣು ಬಿಡುತ್ತಾಳೆ. ಎರಡನೇ ಭಾಗ ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಎರಡನೇ ಭಾಗ ಬರಲಿಲ್ಲ. ಮುಂದೆ ಬೇಕು ಅನ್ನುವವರಿಗೆ ಧಾರಾವಾಹಿಯನ್ನು 212ನೇ ಕಂತಿನಿಂದ ಹಾಕಿಕೊಡಿ, ದಿನಕ್ಕೆ ಒಂದರಂತೆ. 1967ರ ಆಗಸ್ಟ್‌ನಿಂದ ಅದೂ ಕಲರ್ ಆಗುತ್ತದೆ.